ರೋಗಿಯ ಹಾದಿ ಸುಗಮವಾಗಲಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಪೋಪ್ ಎರಡನೆಯ ಜಾನ್ ಪಾಲರು 1992ರಲ್ಲಿ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಸಾರಿದರು. ಅಂದು ನಾವು ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಗಾಲಿಕುರ್ಚಿಯಲ್ಲಿ ಬಂದವರು ಕ್ಲಿನಿಕ್ಕಿನ ನಾಲ್ಕು ಮೆಟ್ಟಿಲುಗಳ ಕೆಳಗೇ ಉಳಿದರೆ, ಒಳಗೆ ವೈದ್ಯರಿದ್ದೂ ಏನು ಫಲ?

ಕಫೆರ್ನವುಮಿನಲ್ಲಿ ಜನಸಂದಣಿ ಬಾಗಿಲನ್ನೇ ತಡೆದಾಗ, ನಾಲ್ವರು ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಮುಂದೆ ಇಳಿಸಿದರು. ಇಂದಿಗೂ ಹೊತ್ತೊಯ್ಯಲು ನಾಲ್ವರನ್ನು ಬೇಡಬೇಕಾದ ಸಂಕೋಚದಿಂದ ಎಷ್ಟೋ ಜನ ಚಿಕಿತ್ಸೆಯನ್ನು ಮುಂದೂಡುತ್ತಾರೆ. ಅಷ್ಟರಲ್ಲಿ ರೋಗ ಬಲಿಯುತ್ತದೆ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಸರಕಾರಿ ಹಾಗೂ ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅವರಿಗೆ ಅಡೆತಡೆಯಿಲ್ಲದ ಪ್ರವೇಶ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ದೊರಕುವಂತೆ ಸರಕಾರ ಹಾಗೂ ಸ್ಥಳೀಯ ಸಂಸ್ಥೆಗಳು ಕ್ರಮ ಕೈಗೊಳ್ಳಬೇಕು.

ಇದಕ್ಕೆ ಬೇಕಾದುದೇನು? 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು, ಎರಡೂ ಬದಿ ಹಿಡಿದುಕೊಳ್ಳಲು ಕಂಬಿ. ಇಳಿಜಾರು ಕಡಿದಾದರೆ ಗಾಲಿಕುರ್ಚಿ ಕೈತಪ್ಪುತ್ತದೆ. ಬಾಗಿಲು 90 ಸೆಂಟಿಮೀಟರ್ ಅಗಲವಿರಲಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೂ ತೆರೆಯಲು ಬರುತ್ತದೆ. ಪರೀಕ್ಷೆಯ ಮಂಚ ಗಾಲಿಕುರ್ಚಿಯ ಮಟ್ಟಕ್ಕೆ ತಗ್ಗಿರಲಿ. ಟೋಕನ್ ಸಂಖ್ಯೆಯನ್ನು ಕೂಗಿಯೂ ಹೇಳಲಿ, ಫಲಕದಲ್ಲಿಯೂ ತೋರಿಸಲಿ: ಕಿವಿ ಕೇಳದವರಿಗೆ ಕೂಗು ತಲುಪದು, ಅಂಧರಿಗೆ ಫಲಕ ಕಾಣದು. ವೈದ್ಯರು ಜೊತೆಗೆ ಬಂದವರನ್ನಲ್ಲ, ರೋಗಿಯನ್ನೇ ಮಾತನಾಡಿಸಲಿ.

ಈ ಹಬ್ಬ ಬರುವಷ್ಟರಲ್ಲಿ ನಮ್ಮ ಧರ್ಮಕೇಂದ್ರದ ವಿಕಲಚೇತನರೊಬ್ಬರ ಜೊತೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಬರೋಣ. ಎಲ್ಲಿ ತಡೆಯಾಯಿತೆಂದು ಅವರೇ ಹೇಳಲಿ. ಅದನ್ನು ಸರಿಪಡಿಸಲು ನಾವು ಕೈಜೋಡಿಸೋಣ.