ಎಫ್.ಐ.ಆರ್. ಇಲ್ಲದ ಅಪಘಾತ: ಪರಿಹಾರದ ಬಾಗಿಲು ಮುಚ್ಚಿಲ್ಲ

ರಸ್ತೆ ಅಪಘಾತವನ್ನು ಸ್ಥಳದಲ್ಲೇ ಬಗೆಹರಿಸಿಕೊಳ್ಳುವುದು ವ್ಯಾಪಾರಸ್ಥರಲ್ಲಿ ಹಾಗೂ ಸಣ್ಣ ಉದ್ಯಮಿಗಳಲ್ಲಿ ಸಾಮಾನ್ಯ. ಠಾಣೆಗೆ ಅಲೆಯಲು ಸಮಯವಿರುವುದಿಲ್ಲ. ವಾಹನ ಅಲ್ಲಿ ನಿಂತರೆ ಸರಕು ಸಾಗಣೆಯೂ ನಿಲ್ಲುತ್ತದೆ. ಡಿಕ್ಕಿ ಹೊಡೆದ ಕಾರಿನವರು ಕೊಟ್ಟ ಒಂದೆರಡು ಸಾವಿರ ರೂಪಾಯಿ ಪಡೆದು ಮನೆ ಸೇರಿದವರಿಗೆ ಮೂಳೆ ಮುರಿದಿರುವುದು ಮರುದಿನ ಎಕ್ಸ್‌-ರೇ ತೆಗೆಸಿದಾಗ ತಿಳಿಯುತ್ತದೆ. ಎಫ್.ಐ.ಆರ್. ಇಲ್ಲದ ಮೇಲೆ ಪರಿಹಾರವೂ ಇಲ್ಲವೆಂದು ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ.

ಈ ನಂಬಿಕೆಗೆ ಕಾನೂನಿನ ಆಧಾರವಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಕಲಮಿನನ್ವಯ ಗಾಯಾಳುವೇ ಅಪಘಾತ ಪರಿಹಾರ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಊರಿನಲ್ಲಿಯೇ ಆಗಬೇಕೆಂದಿಲ್ಲ, ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿಯೂ ಸಲ್ಲಿಸಲು ಅವಕಾಶವಿದೆ. ಕ್ರಿಮಿನಲ್ ಮೊಕದ್ದಮೆಯಂತೆ ಸಂದೇಹಾತೀತ ರುಜುವಾತನ್ನು ಇಲ್ಲಿ ಕೇಳುವುದಿಲ್ಲ. ಯಾವುದು ಹೆಚ್ಚು ಸಂಭವನೀಯವೆಂಬುದೇ ಒರೆಗಲ್ಲು. ಎಫ್.ಐ.ಆರ್. ದಾಖಲಿಸುವುದರಲ್ಲಾದ ವಿಳಂಬವೊಂದನ್ನೇ ಕಾರಣವಾಗಿಸಿ ಅರ್ಜಿ ತಿರಸ್ಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ಹಾಗೆಂದು ಪೊಲೀಸ್ ದೂರು ಅನಗತ್ಯವೆಂದಲ್ಲ. ತಡವಾದರೂ ವಿಳಂಬಕ್ಕೆ ಕಾರಣ ಬರೆದು ದೂರು ಕೊಡುವುದೇ ಲೇಸು. ಠಾಣೆಯಲ್ಲಿ ಸ್ವೀಕರಿಸದಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ದೂರಿನ ಸಾರಾಂಶವನ್ನು ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಆ ರಸೀದಿಯೂ ಒಂದು ದಾಖಲೆಯೇ.

ಎಫ್.ಐ.ಆರ್. ಇಲ್ಲದಿದ್ದಾಗ ಪ್ರಕರಣದ ಭಾರವೆಲ್ಲ ಬೀಳುವುದು ಆಸ್ಪತ್ರೆಯ ಮೊದಲ ಚೀಟಿಯ ಮೇಲೆ. ಗಾಯ ಹೇಗಾಯಿತೆಂದು ವೈದ್ಯರು ಕೇಳಿದಾಗ, ಪೊಲೀಸ್ ಗೊಡವೆ ಬೇಡವೆಂದು ಸಂಬಂಧಿಕರು "ಸ್ಕೂಟರಿನಿಂದ ಜಾರಿ ಬಿದ್ದರು" ಎಂದು ಬರೆಸಿಬಿಡುತ್ತಾರೆ. ವಿಮಾ ಕಂಪನಿಯ ವಕೀಲರು ಮುಂದೆ ಹಿಡಿಯುವುದು ಇದೇ ಸಾಲನ್ನು. ತಾನಾಗಿ ಬಿದ್ದವರಿಗೆ ಕಾರಿನ ವಿಮೆಯಿಂದ ಪರಿಹಾರವೇಕೆ ಎಂಬ ಅವರ ಪ್ರಶ್ನೆಗೆ ಆಮೇಲೆ ಉತ್ತರ ಹೇಳುವುದು ಕಷ್ಟ. ನಡೆದುದನ್ನು ನಡೆದಂತೆಯೇ, ಡಿಕ್ಕಿ ಹೊಡೆದ ವಾಹನದ ನೋಂದಣಿ ಸಂಖ್ಯೆಯ ಸಹಿತ ಹೇಳಿ, ಮೆಡಿಕೋ-ಲೀಗಲ್ ಪ್ರಕರಣವೆಂದು ದಾಖಲಿಸಿಕೊಳ್ಳುವಂತೆ ಕೋರಬೇಕು. ಮುಂದೆ ಗಾಯದ ಪ್ರಮಾಣಪತ್ರಕ್ಕೆ ಇದೇ ಆಧಾರ.

ಉಳಿದ ಸಾಕ್ಷ್ಯವನ್ನು ತಡಮಾಡದೆ ಕಲೆಹಾಕಬೇಕು. ಎದುರಿನ ಅಂಗಡಿಯ ಸಿ.ಸಿ.ಟಿ.ವಿ. ದೃಶ್ಯ ಕೆಲವೇ ದಿನಗಳಲ್ಲಿ ಅಳಿದುಹೋಗಬಹುದು. ನೋಡಿದವರ ಹೆಸರು, ದೂರವಾಣಿ ಸಂಖ್ಯೆ, ಜಖಂಗೊಂಡ ವಾಹನದ ಛಾಯಾಚಿತ್ರ, ಗ್ಯಾರೇಜಿನ ಬಿಲ್ಲು ಇವೆಲ್ಲವೂ ಬೇಕು. ಕಾರಿನವರು ಫೋನಿನ ಮೂಲಕ ಹಣ ಕಳುಹಿಸಿದ್ದರೆ ಆ ಪಾವತಿಯ ವಿವರ ಬಹಳ ಉಪಯುಕ್ತ. ಅರ್ಜಿಯಲ್ಲಿ ಆ ಮೊತ್ತವನ್ನು ಮುಚ್ಚಿಡಬಾರದು. ವಾಹನದ ಮಾಲೀಕರು ಯಾರು, ವಿಮೆ ಯಾರದು ಎಂಬ ವಿವರವನ್ನು ನೋಂದಣಿ ಪ್ರಾಧಿಕಾರವು 160ನೆಯ ಕಲಮಿನಂತೆ ಶುಲ್ಕ ಪಡೆದು ನೀಡತಕ್ಕದ್ದು.

ವ್ಯಾಪಾರಸ್ಥರು ಎಡವುವ ಇನ್ನೊಂದು ಜಾಗ ಆದಾಯದ ರುಜುವಾತು. ದುಡಿಮೆಯ ನಷ್ಟವನ್ನು ಲೆಕ್ಕ ಹಾಕುವಾಗ ಆದಾಯ ತೆರಿಗೆ ವಿವರಣೆ ಪತ್ರಕ್ಕಿರುವ ಬೆಲೆ ಬಾಯಿಮಾತಿಗಿಲ್ಲ. ತೆರಿಗೆಗೆಂದು ಆದಾಯವನ್ನು ಕಡಿಮೆ ತೋರಿಸಿದವರು ಇಲ್ಲಿ ಹೆಚ್ಚು ಕೇಳುವ ಬಾಯಿ ಕಳೆದುಕೊಂಡಿರುತ್ತಾರೆ.

ತಪ್ಪು ಯಾರದೆಂದು ಸಾಬೀತುಪಡಿಸುವುದು ಕಷ್ಟವೆನಿಸಿದರೆ 164ನೆಯ ಕಲಮಿನ ಮಾರ್ಗವುಂಟು. ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ನಿಗದಿಯಾಗಿದ್ದು, ಚಾಲಕರ ನಿರ್ಲಕ್ಷ್ಯವನ್ನು ತೋರಿಸಬೇಕಾಗಿಲ್ಲ.

2019ರ ತಿದ್ದುಪಡಿಯ ಫಲವಾಗಿ 2022ರ ಏಪ್ರಿಲ್ 1ರಿಂದ ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಆರು ತಿಂಗಳ ಕಾಲಮಿತಿ ಬಂದಿದೆ. ಇದರ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ಡಿಕ್ಕಿ ಹೊಡೆದದ್ದು ತಮ್ಮದೇ ಸರಕಿನ ಟೆಂಪೋ ಆದಾಗಲೂ ರಸ್ತೆಬದಿಯ ರಾಜಿ ಅಪಾಯಕರ. ಅಪಘಾತದ ಮಾಹಿತಿಯನ್ನು ವಿಮಾದಾರರಿಗೆ ಲಿಖಿತವಾಗಿ ತಿಳಿಸುವುದು 134ನೆಯ ಕಲಮಿನಂತೆ ಚಾಲಕರ ಕರ್ತವ್ಯ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದನ್ನಾಗಲಿ ಹಣ ಕೊಡುವುದನ್ನಾಗಲಿ ಪಾಲಿಸಿಯ ಷರತ್ತುಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ.