ಎರಡು ಎತ್ತು, ಟೂ ಆಕ್ಸನ್

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಲ್ಲಿ ಯಾರನ್ನೇ ಕೇಳಿ, ‘ಎರಡು ಎತ್ತು ಅದಾವ, ನಾಕು ಆಡು ಅದಾವ’ ಅನ್ನುತ್ತಾರೆ. ಎರಡು, ನಾಲ್ಕು ಎಂದು ಎಣಿಸಿದ ಮೇಲೆ ಮತ್ತೆ ‘ಗಳು’ ಏಕೆ ಬೇಕು? ಕನ್ನಡದ ಈ ಲೆಕ್ಕ ಚೊಕ್ಕವಾದದ್ದು. ಅದರಲ್ಲೇ ಬೆಳೆದ ಮಗು ಇಂಗ್ಲಿಷಿನಲ್ಲಿ ‘ಫೋರ್ ಗೋಟ್’ ಎಂದು ಬರೆದರೆ ದಡ್ಡತನ ಎಂದು ಕೆಂಪು ಗೆರೆ ಎಳೆಯಬೇಡಿ. ಮಗು ತನ್ನ ಭಾಷೆಯ ವ್ಯಾಕರಣವನ್ನು ಸರಿಯಾಗಿಯೇ ಪಾಲಿಸಿದೆ. ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007–08ರಲ್ಲಿ. ಇಷ್ಟು ವರ್ಷವಾದರೂ ಈ ಒಂದು ವ್ಯತ್ಯಾಸವನ್ನು ಮೊದಲಿಗೇ ಬಿಡಿಸಿ ಹೇಳುವವರು ಕಡಿಮೆ.

ಇಂಗ್ಲಿಷಿನ ಕಟ್ಟಳೆ ಇದು: ಎಣಿಸಬಹುದಾದ ವಸ್ತು ಒಂದಲ್ಲವೆಂದರೆ ಬಹುವಚನ. ಎರಡು ಎಕರೆ ‘ಟೂ ಏಕರ್ಸ್’. ಒಂದೂವರೆ ಎಕರೆಯೂ ‘ಒನ್ ಅಂಡ್ ಎ ಹಾಫ್ ಏಕರ್ಸ್’. ಸೊನ್ನೆಗೂ ‘ಝೀರೋ ಮಾರ್ಕ್ಸ್’. ಆದರೆ ಅದೇ ಅಳತೆ ಇನ್ನೊಂದು ಹೆಸರಿನ ಹಿಂದೆ ವಿಶೇಷಣವಾಗಿ ನಿಂತಾಗ ಎಸ್ ಉದುರುತ್ತದೆ: ‘ಎ ಟೂ-ಏಕರ್ ಫೀಲ್ಡ್’.

ಬರವಣಿಗೆಯ ನಿಯಮಗಳು ಪಠ್ಯಪುಸ್ತಕದಲ್ಲಿವೆ. ಉಚ್ಚಾರವನ್ನು ಮಾತ್ರ ಕಲಿಸದೆ ಬಿಡುತ್ತೇವೆ. ಬರೆಯುವುದು ಎಸ್ ಆದರೂ ಕಿವಿಗೆ ಕೇಳುವುದು ಮೂರು ಬಗೆ. ಕ, ಟ, ಪ, ಫ ಧ್ವನಿಗಳ ಮುಂದೆ ‘ಸ್’: ಗೋಟ್ಸ್, ಬುಕ್ಸ್. ಗ, ಡ, ಲ, ನ ಮುಂತಾದವುಗಳ ಮುಂದೆ, ಸ್ವರಗಳ ಮುಂದೆ ‘ಝ್’: ಡಾಗ್ಝ್, ಕೌಝ್. ಸ, ಶ, ಚ, ಜ ಧ್ವನಿಗಳ ಮುಂದೆ ‘ಇಝ್’: ಬಸಿಝ್, ಬೆಂಚಿಝ್. ಗಟ್ಟಿಯಾಗಿ ನಾಲ್ಕು ಸಲ ಹೇಳಿಸಿದರೆ ಮಕ್ಕಳ ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ಇನ್ನು ದನದ ಕೊಟ್ಟಿಗೆಗೆ ಬನ್ನಿ. ಇಂಗ್ಲಿಷ್ ಬಹುವಚನದ ಸೋಜಿಗಗಳೆಲ್ಲ ಇಲ್ಲೇ ಕಟ್ಟಿವೆ. ಆಕಳಿಗೆ ಕೌಝ್, ಆಡಿಗೆ ಗೋಟ್ಸ್, ಇವು ಸರಳ. ಕರು ‘ಕಾಫ್’, ಹಲವಾದರೆ ‘ಕಾವ್ಝ್’: ಎಫ್ ಹೋಗಿ ವಿ ಬಂತು. ಎತ್ತು ‘ಆಕ್ಸ್’, ಹಲವಾದರೆ ‘ಆಕ್ಸನ್’. ಕುರಿ ಒಂದಿದ್ದರೂ ‘ಶೀಪ್’, ನೂರಿದ್ದರೂ ‘ಶೀಪ್’. ಇಲಿ ‘ಮೌಸ್’, ಇಲಿಗಳು ‘ಮೈಸ್’. ‘ಕ್ಯಾಟಲ್’ ಎಂಬುದಂತೂ ನಮ್ಮ ‘ದನಕರ’ ಇದ್ದ ಹಾಗೆ, ಹಿಂಡಿಗೇ ಇಟ್ಟ ಹೆಸರು. ‘ಎ ಕ್ಯಾಟಲ್’ ಎನ್ನಲಾಗದು, ‘ಕ್ಯಾಟಲ್ಸ್’ ಎನ್ನುವುದೂ ತಪ್ಪು. ‘ದಿ ಕ್ಯಾಟಲ್ ಆರ್ ಗ್ರೇಝಿಂಗ್’ ಎಂದೇ ಬರೆಯಬೇಕು.

ಹೀಗೇಕೆ? ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಹಲವು ದಾರಿಗಳಿದ್ದವು. ಒಂದು ಗುಂಪಿನ ಪದಗಳಿಗೆ ಕೊನೆಯಲ್ಲಿ ‘ಅನ್’ ಸೇರುತ್ತಿತ್ತು, ಇನ್ನೊಂದರಲ್ಲಿ ಒಳಗಿನ ಸ್ವರವೇ ಬದಲಾಗುತ್ತಿತ್ತು, ಮತ್ತೊಂದರಲ್ಲಿ ಏನೂ ಸೇರುತ್ತಿರಲಿಲ್ಲ. ಕಾಲ ಸರಿದಂತೆ ಎಸ್ ಒಂದೇ ಎಲ್ಲ ಕಡೆ ಹಬ್ಬಿತು. ದಿನವೂ ಬಾಯಲ್ಲಿ ಓಡಾಡುವ ಕೆಲವು ಪದಗಳು ಮಾತ್ರ ಹಳೆಯ ರೂಪ ಬಿಡಲಿಲ್ಲ. ಆಕ್ಸನ್, ಶೀಪ್, ಮೈಸ್, ಫೀಟ್, ಟೀತ್ ಹಾಗೆ ಉಳಿದವು. ‘ಚೈಲ್ಡ್’ಗೆ ಮೊದಲು ಬೇರೊಂದು ಬಹುವಚನ ಪ್ರತ್ಯಯವಿತ್ತು. ಅದರ ಮೇಲೆ ಇನ್ನೊಂದು ಕೂತು ‘ಚಿಲ್ಡ್ರನ್’ ಆಯಿತು. ನಾವು ‘ಅವರುಗಳು’ ಅನ್ನುವುದಿಲ್ಲವೇ, ಹಾಗೆ. ಕನ್ನಡದಲ್ಲೂ ಮಗು ‘ಮಗುಗಳು’ ಆಗದೆ ‘ಮಕ್ಕಳು’ ಆಗುವುದನ್ನು ತೋರಿಸಿದರೆ ವಿದ್ಯಾರ್ಥಿಗೆ ಚಿಲ್ಡ್ರನ್ ವಿಚಿತ್ರವೆನಿಸದು. ಬಟಾಣಿಯ ಕಥೆ ಇನ್ನೂ ಸೊಗಸು. ಮೊದಲು ‘ಪೀಸ್’ ಎಂಬುದೇ ಏಕವಚನ. ಕೊನೆಯ ಸದ್ದನ್ನು ಬಹುವಚನದ ಎಸ್ ಎಂದು ತಿಳಿದ ಜನ ಅದನ್ನು ಕತ್ತರಿಸಿ ‘ಪೀ’ ಎಂಬ ಹೊಸ ಏಕವಚನ ಮಾಡಿಕೊಂಡರು.

ಕಾಳುಕಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತು ಚೀಲ ಉಳ್ಳಾಗಡ್ಡಿ ‘ಟೆನ್ ಬ್ಯಾಗ್ಸ್ ಆಫ್ ಆನಿಯನ್ಸ್’, ಹತ್ತು ಚೀಲ ಅಕ್ಕಿ ‘ಟೆನ್ ಬ್ಯಾಗ್ಸ್ ಆಫ್ ರೈಸ್’. ಉಳ್ಳಾಗಡ್ಡಿಯನ್ನು ಬಿಡಿಯಾಗಿ ಎಣಿಸಬಹುದು, ಅಕ್ಕಿಯನ್ನು ಅಳೆಯುತ್ತೇವೆ. ಹತ್ತಿ, ನೀರು, ಹಾಲು ಎಲ್ಲಕ್ಕೂ ಇದೇ ಲೆಕ್ಕ. ಆದರೆ ‘ಅಡ್ವೈಸ್’, ‘ಇನ್ಫರ್ಮೇಶನ್’, ‘ಫರ್ನಿಚರ್’ ಕೂಡ ಅಕ್ಕಿಯ ಸಾಲಿಗೇ ಸೇರಿವೆ. ಇವುಗಳಿಗೆ ಎಸ್ ಹಚ್ಚುವ ತಪ್ಪು ಓದಿದವರಲ್ಲೂ ಇದೆ. ಇವನ್ನು ಬಾಯಿಪಾಠ ಮಾಡುವುದೇ ದಾರಿ.

ಕ್ರಿಯಾಪದದ ಹತ್ತಿರ ಎಚ್ಚರ ಬೇಕು. ಕನ್ನಡದಲ್ಲಿ ‘ಹುಡುಗರು ಓಡುತ್ತಾರೆ’ ಎಂದಾಗ ನಾಮಪದ, ಕ್ರಿಯಾಪದ ಎರಡಕ್ಕೂ ಬಹುವಚನದ ಗುರುತಿದೆ. ಇಂಗ್ಲಿಷ್ ವರ್ತಮಾನಕಾಲದಲ್ಲಿ ಇದು ತಿರುಗುಮುರುಗು: ‘ಬಾಯ್ ರನ್ಸ್’, ‘ಬಾಯ್ಸ್ ರನ್’. ಎಸ್ ಒಂದು ಕಡೆ ಬಂದರೆ ಇನ್ನೊಂದು ಕಡೆ ಇಲ್ಲ. ಗೌರವದ ಬಹುವಚನವೂ ಅಲ್ಲಿ ನಡೆಯದು. ‘ಅಕ್ಕೋರು ಬಂದ್ರು’ ಎನ್ನುವ ಮಗು ಇಂಗ್ಲಿಷಿನಲ್ಲಿ ಒಬ್ಬ ಶಿಕ್ಷಕಿಗೆ ‘ಶಿ’ ಎಂದೇ ಬರೆಯಬೇಕು. ಅದು ಮರ್ಯಾದೆಗೇಡಲ್ಲ ಎಂದು ಒಮ್ಮೆ ಹೇಳಿಬಿಡಿ. ‘ಒನ್ ಆಫ್ ಮೈ ಫ್ರೆಂಡ್’ ಕೂಡ ನಮ್ಮಲ್ಲಿ ದಿನವೂ ಕೇಳುವ ತಪ್ಪು. ಹಲವರಲ್ಲಿ ಒಬ್ಬ ಎಂಬ ಅರ್ಥವಿರುವುದರಿಂದ ‘ಫ್ರೆಂಡ್ಸ್’ ಆಗಲೇಬೇಕು.

ಗುರುಗಳಲ್ಲಿ ಒಂದು ಕೋರಿಕೆ: ಏಕವಚನ, ಬಹುವಚನದ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳ ಮನೆಯ ಎತ್ತು, ಕುರಿ, ಕರು, ಉಳ್ಳಾಗಡ್ಡಿ, ಅಕ್ಕಿಯನ್ನೇ ಇಂಗ್ಲಿಷಿನಲ್ಲಿ ಎಣಿಸಿ ಹೇಳಲು ಬಿಡಿ.