ಕೋನಿನ ಅಂಚಿಗೆ ಸಕ್ಕರೆ ಹೂವು

ಐಸ್‌ಕ್ರೀಂ ಕೋನಿನ ಅಂಚಿಗೆ ಗುಲಾಬಿ, ಸೇವಂತಿ, ಮಲ್ಲಿಗೆ ಮೊಗ್ಗು ಬಿಡಿಸಿ ಮಕ್ಕಳ ಕೈಗೆ ಕೊಡುವ ಕಲೆ ಬೇಕರಿ ಬಿಟ್ಟು ಮನೆಯ ಅಡುಗೆಕಟ್ಟೆಗೆ ಬಂದಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುವವರೇ ಹೆಚ್ಚು. ಆದರೆ ಆ ವಿಡಿಯೊಗಳ ಅಡುಗೆಮನೆಗಳು ಬಹುಪಾಲು ತಂಪು ದೇಶದವು, ಇಲ್ಲವೇ ಏಸಿ ಹಾಕಿದವು. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅನಂತಪುರ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ರಾಯದುರ್ಗದಲ್ಲೋ ಮಡಕಶಿರಾದಲ್ಲೋ ಬೆಣ್ಣೆ ಫ್ರಾಸ್ಟಿಂಗಿನ ಗುಲಾಬಿ ಮಾಡಿಟ್ಟರೆ ನೆಂಟರು ಚಪ್ಪಲಿ ಬಿಡುವಷ್ಟರಲ್ಲಿ ಅದು ಎಣ್ಣೆಯಾಗಿ ಹರಿದಿರುತ್ತದೆ.

ಹಾಗೆಂದು ಕೈಬಿಡಬೇಕಿಲ್ಲ. ಈ ನೆಲಕ್ಕೆ ಬೇರೊಂದು ಅನುಕೂಲವಿದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯಷ್ಟೇ ಬೀಳುವ, ಶೇಂಗಾ ಬೆಳೆಗಾರರು ಮೋಡ ನೋಡುತ್ತಲೇ ದಿನ ಕಳೆಯುವ ಜಿಲ್ಲೆಯಿದು. ಇಲ್ಲಿನ ಗಾಳಿ ಒಣಗಾಳಿ. ಬೆಣ್ಣೆಯ ಹೂವಿಗೆ ಬಿಸಿಲು ಶತ್ರುವಾದರೆ ಬರೀ ಸಕ್ಕರೆಯ ಹೂವಿಗೆ ತೇವ ಶತ್ರು. ಸಕ್ಕರೆ ಕರಗಬೇಕಾದರೆ 180 ಡಿಗ್ರಿ ದಾಟಬೇಕು; 40 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಕರಾವಳಿಯ ಮನೆಗಳಲ್ಲಿ ಮೆತ್ತಗಾಗಿ ಅಂಟುವ ಸಕ್ಕರೆ ಹೂವು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಈ ಸಂಗತಿಯನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ಆದ ದಿನ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಅನಂತಪುರಕ್ಕೆ ಹೋಯಿತು. ಗಡಿ ಸರಿದರೂ ನೆಂಟಸ್ತನ ಸರಿಯಲಿಲ್ಲ. ಆ ಬಳ್ಳಾರಿ ಸೀಮೆಯ ದೊಡ್ಡ ಸಂಭ್ರಮಗಳಲ್ಲೊಂದು ಕಾರ್ತಿಕದ ಗೌರಿ ಹುಣ್ಣಿಮೆ. ಅಂದು ಸಂಜೆ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ಸಕ್ಕರಿ ಆರತಿ ಇಟ್ಟುಕೊಂಡು, ದೀಪ ಹಚ್ಚಿ, ಗೌರಿ ಕೂರಿಸಿದಲ್ಲಿಗೆ ಹಾಡುತ್ತ ಹೋಗುತ್ತಾರೆ. ತೇರು, ಗೋಪುರ, ಆನೆ, ನವಿಲು, ಗಿಳಿ, ಬಸವಣ್ಣ ಎಲ್ಲವೂ ಸಕ್ಕರೆಯವೇ. ಬಿಳಿ, ಗುಲಾಬಿ, ಹಳದಿ ಬಣ್ಣದವು. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಹೂವಿನ ದಂಡೆಯ ಜೊತೆ ಸಕ್ಕರಿ ಆರತಿಯನ್ನೂ ಹೊತ್ತು ತರುತ್ತಾರೆ. ತಂದ ಆರತಿ ಎಷ್ಟು ದೊಡ್ಡದು ಎಂಬುದರ ಮೇಲೆ ಓಣಿಯಲ್ಲಿ ನಾಲ್ಕು ದಿನ ಮಾತು ನಡೆಯುತ್ತದೆ.

ಮಾಡುವ ಬಗೆ ಕೇಳಲು ಸರಳ, ಹದ ಮಾತ್ರ ಕೈಗೇ ಗೊತ್ತು. ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಕುದಿಸಬೇಕು. ಒಂದಿಷ್ಟು ಹಾಲು ಬಿಟ್ಟರೆ ಕಸರೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಪಾಕವನ್ನು ಮತ್ತೆ ಒಲೆಗೇರಿಸಿ ಹದಕ್ಕೆ ಬಂದಾಗ ಇಳಿಸಿ, ಮರದ ಕೋಲಿನಿಂದ ತಿರುವುತ್ತಾರೆ. ಗಾಜಿನಂತಿದ್ದ ಪಾಕ ನೋಡನೋಡುತ್ತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಗಳಿಗೆಗೆ ಸರಿಯಾಗಿ, ನೀರಲ್ಲಿ ನೆನೆಸಿ ದಾರ ಬಿಗಿದಿಟ್ಟ ಸಾಗವಾನಿ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಗೊಂಬೆ ಕಟ್ಟುವುದಿಲ್ಲ, ತಡವಾದರೆ ಪಾಕ ಬಾಣಲೆಯಲ್ಲೇ ಕಲ್ಲಾಗುತ್ತದೆ. ಅಚ್ಚು ನೆನೆದಿರದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಂಡು ಆನೆಯ ಸೊಂಡಿಲು ಅಲ್ಲೇ ಉಳಿಯುತ್ತದೆ. ಎಲ್ಲ ಸರಿಯಾದರೆ ಹತ್ತು ನಿಮಿಷದೊಳಗೆ ಅಚ್ಚು ಬಿಚ್ಚಬಹುದು.

ತಿರುವುವುದರಲ್ಲೇ ಇದರ ಗುಟ್ಟಿದೆ. ಹದಕ್ಕೆ ಬಂದ ಪಾಕದಲ್ಲಿ ನೀರು ಹಿಡಿಯಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಕರಗಿರುತ್ತದೆ. ತಿರುವಿದಾಗ ಅದು ಒಮ್ಮೆಗೇ ಲಕ್ಷಾಂತರ ಸಣ್ಣ ಹರಳಾಗಿ ಹೆಪ್ಪುಗಟ್ಟುತ್ತದೆ. ಹರಳು ಸಣ್ಣದಾದಷ್ಟೂ ಗೊಂಬೆ ನುಣುಪು. ನಿಂಬೆರಸದ ನಾಲ್ಕು ಹನಿ ಬಿಡುವುದೂ ಇದಕ್ಕೇ: ಹುಳಿ ಸೇರಿದಾಗ ಸಕ್ಕರೆಯ ಒಂದು ಪಾಲು ಒಡೆದು, ದಪ್ಪ ಹರಳು ಬೆಳೆಯದಂತೆ ತಡೆಯುತ್ತದೆ.

ಮಡಕಶಿರಾದ ನಂಟು ಇನ್ನೊಂದು ದಿಕ್ಕಿಗೆ. 2022ರ ಏಪ್ರಿಲ್‌ನಲ್ಲಿ ಅದು ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೇನು, ಸುತ್ತ ಇರುವುದು ಶಿರಾ, ಪಾವಗಡ, ಮಧುಗಿರಿ. ಆ ತುಮಕೂರು ಸೀಮೆಯಲ್ಲಿ ಸಕ್ಕರೆ ಅಚ್ಚು ಎಂದರೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜದ ಪೊಟ್ಟಣದ ಜೊತೆ ಕಬ್ಬಿನ ತುಂಡು, ಒಂದೆರಡು ಅಚ್ಚು. ಇಲ್ಲಿನವು ಚಿಕ್ಕವು: ಮೀನು, ಹಕ್ಕಿ, ತುಳಸಿಕಟ್ಟೆ, ಹೂವು. ಒಂದು ಕಡೆ ಕಾರ್ತಿಕ, ಇನ್ನೊಂದು ಕಡೆ ಪುಷ್ಯ. ಎರಡೂ ಮಳೆ ನಿಂತು ಚಳಿ ಹಿಡಿದ ತಿಂಗಳುಗಳೇ. ಆಷಾಢದಲ್ಲಿ ಸಕ್ಕರೆ ಅಚ್ಚಿನ ಹಬ್ಬ ಯಾಕಿಲ್ಲ ಎಂದು ಕೇಳಿದರೆ ಶಾಸ್ತ್ರ ಬಲ್ಲವರು ಬೇರೆ ಉತ್ತರ ಕೊಟ್ಟಾರು. ಪಾಕ ಬಲ್ಲವರ ಉತ್ತರ ಮಾತ್ರ ಒಂದೇ.

ಇನ್ನು ಕೋನಿನ ವಿಷಯ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಐಸ್‌ಕ್ರೀಂ ಅಂಗಡಿಯವನ ಬಟ್ಟಲು ಮುಗಿದುಹೋಗಿ, ಪಕ್ಕದಲ್ಲಿ ಗರಿಗರಿ ದೋಸೆಯಂಥ ಜಲಾಬಿಯಾ ಮಾರುತ್ತಿದ್ದ ಸಿರಿಯಾದ ಅರ್ನೆಸ್ಟ್ ಹಮ್ವಿ ಅದನ್ನೇ ಸುರುಳಿ ಸುತ್ತಿ ಕೊಟ್ಟ ಎಂದು ಕಥೆ. ತಾನೇ ಮೊದಲಿಗ ಎಂದವರು ಇನ್ನೂ ಹಲವರಿದ್ದಾರೆ. ಇಟಲಿಯಿಂದ ವಲಸೆ ಬಂದ ಇಟಾಲೊ ಮಾರ್ಚಿಯೋನಿಗೆ ತಿನ್ನುವ ಬಟ್ಟಲಿನ ಅಚ್ಚಿಗೆ 1903ರಲ್ಲೇ ಪೇಟೆಂಟ್ ಸಿಕ್ಕಿತ್ತು. ನಳಿಗೆಯಿಂದ ಹೂವು ಬಿಡಿಸುವುದನ್ನು ಮನೆವಾರ್ತೆಯ ಹೆಂಗಸರಿಗೂ ಮುಟ್ಟಿಸಿದ ಹೆಸರು ಷಿಕಾಗೊದ ವಿಲ್ಟನ್. ಡ್ಯೂಯಿ ಮೆಕಿನ್ಲಿ ವಿಲ್ಟನ್ 1929ರಲ್ಲಿ ಕೇಕ್ ಅಲಂಕಾರ ಕಲಿಸಲು ಶುರುಮಾಡಿದ. ಇವತ್ತಿಗೂ ಅಂಗಡಿಯಲ್ಲಿ 104 ಕೊಡಿ, 352 ಕೊಡಿ ಎಂದು ಕೇಳುವ ನಾಜಲ್ ನಂಬರುಗಳು ವಿಲ್ಟನ್ ಪಟ್ಟಿಯವೇ. ಮೊದಲನೆಯದು ದಳಕ್ಕೆ, ಎರಡನೆಯದು ಎಲೆಗೆ. ಬೆಂಗಳೂರಿನಲ್ಲಿ ವರ್ಷದ ಕೊನೆಗೆ ನಡೆಯುವ ಕೇಕ್ ಪ್ರದರ್ಶನ 1970ರ ದಶಕದಿಂದ ಬಂದದ್ದು. ಅಲ್ಲಿನ ಅರಮನೆ, ಗೋಪುರಗಳ ಮುಂದೆ ನಿಂತವರಿಗೆ ಸಕ್ಕರೆ ಎಷ್ಟು ದಿನ ಕೆಡದೆ ನಿಲ್ಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಒಣನಾಡಿನ ಮನೆಗೆ ಹೊಂದುವುದು ರಾಯಲ್ ಐಸಿಂಗ್. ಒಂದು ಮೊಟ್ಟೆಯ ಬಿಳಿಗೆ ಸುಮಾರು 150ರಿಂದ 200 ಗ್ರಾಂ ಐಸಿಂಗ್ ಸಕ್ಕರೆ, ಕೆಲವು ಹನಿ ನಿಂಬೆರಸ. ಚಮಚ ಎತ್ತಿದಾಗ ತುದಿ ಬಾಗದೆ ನಿಲ್ಲುವವರೆಗೆ ಕಡೆಯಬೇಕು. ಐಸಿಂಗ್ ಸಕ್ಕರೆ ಸಿಗದಿದ್ದರೆ ಮಿಕ್ಸಿಯಲ್ಲಿ ಒಂದು ಲೋಟ ಸಕ್ಕರೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ನುಣ್ಣಗೆ ಬೀಸಿ ಜರಡಿ ಹಿಡಿಯಿರಿ. ಒಂದೇ ಒಂದು ಹರಳು ಉಳಿದರೂ ನಾಜಲಿನ ಬಾಯಿ ಕಟ್ಟುತ್ತದೆ. ಹಸಿ ಮೊಟ್ಟೆ ಬೇಡ ಎನ್ನುವವರಿಗೆ, ಮೊಟ್ಟೆಯೇ ಬಾರದ ಮನೆಗಳಿಗೆ, ಕಾಬೂಲಿ ಕಡಲೆ ಬೇಯಿಸಿದ ನೀರಿದೆ. ಅದು ಬಿಳಿ ನೊರೆಯಾಗಿ ಏಳುತ್ತದೆ ಎಂದು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿಕೊಟ್ಟ. ಒಂದು ಬಿಳಿಗೆ ಬದಲಾಗಿ ಎರಡು ದೊಡ್ಡ ಚಮಚ ಸಾಕು. ನೀರು ಉಪ್ಪಿಲ್ಲದ್ದಾಗಿರಬೇಕು, ಮಂದವಾಗಿರಬೇಕು. ಬೇಕರಿಯವರು ಬಳಸುವ ಡಬ್ಬಿ ಕ್ರೀಂ ಬೆಣ್ಣೆಗಿಂತ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತದೆ, ನಿಜ; ತಾಳೆಬೀಜದೆಣ್ಣೆಯ ಅದರ ಜಿಡ್ಡು ನಾಲಿಗೆಗೆ ಅಂಟುವುದು ನನಗಂತೂ ಹಿಡಿಸದು.

ಚೀಲಕ್ಕೆ ಖರ್ಚು ಮಾಡಬೇಡಿ. ಮೆಹಂದಿ ಕೋನ್ ಸುತ್ತಲು ಬರುವ ಹುಡುಗಿ ಬೆಣ್ಣೆಕಾಗದದ ಕೋನನ್ನೂ ಸುತ್ತಬಲ್ಲಳು. ಗುಲಾಬಿಗೆ ತಿರುಗುವ ಪೀಠ ಬೇಕು. ಸೋಡಾ ಬಾಟಲಿಯ ಮುಚ್ಚಳಕ್ಕೆ ಮೊಳೆ ಹೊಡೆದರೆ ಅದೂ ಆಯಿತು. ಮುಚ್ಚಳದ ಮೇಲೆ ಸಣ್ಣ ಚೌಕ ಬೆಣ್ಣೆಕಾಗದ ಅಂಟಿಸಿ, ನಾಜಲಿನ ಅಗಲದ ತುದಿ ಕೆಳಗೆ, ಸಪೂರ ತುದಿ ಮೇಲೆ ಹಿಡಿದು, ಎಡಗೈಯಲ್ಲಿ ಮೊಳೆ ತಿರುಗಿಸುತ್ತ ಮೊದಲು ಮೊಗ್ಗು, ಸುತ್ತ ಮೂರು ದಳ, ಅದರ ಹೊರಗೆ ಐದು. ದೊಡ್ಡ ಗುಲಾಬಿಗೆ ಇನ್ನೊಂದು ಸುತ್ತು ಏಳು ದಳ ಬರುತ್ತವೆ, ಕೋನಿಗೆ ಅದು ಭಾರ. ಕಾಗದದ ಸಮೇತ ತೆಗೆದು ನೆರಳಲ್ಲಿ ಒಂದು ದಿನ ಬಿಟ್ಟರೆ ಹೂವು ಗರಿಗರಿ. ಒಣಗಾಳಿಗೆ ಇನ್ನೊಂದು ಮುಖವೂ ಇದೆ: ಬಟ್ಟಲಲ್ಲಿ ಉಳಿದ ಐಸಿಂಗ್ ಮೇಲೆ ಒದ್ದೆ ಬಟ್ಟೆ ಮುಚ್ಚದಿದ್ದರೆ ಕ್ಷಣದಲ್ಲಿ ಹೆಕ್ಕಳೆ ಕಟ್ಟುತ್ತದೆ.

ಒಣಗಿದ ಹೂವನ್ನು ಐಸ್‌ಕ್ರೀಂ ಮೇಲೆ ಇಡುವುದು ಬಹಳ ಮಂದಿ ಮಾಡುವ ತಪ್ಪು. ತಣ್ಣನೆಯ ಐಸ್‌ಕ್ರೀಮಿನ ತೇವ ಕುಡಿದು ಅದು ಕರಗಿಬಿಡುತ್ತದೆ. ಕೋನಿನ ಬಾಯಿಯ ಹೊರ ಅಂಚಿಗೆ ಕರಗಿಸಿದ ಚಾಕಲೇಟು ಸವರಿ, ಅದರ ಮೇಲೆ ಹೂವು, ಎಲೆ ಕೂರಿಸಿ ಹಿಂದಿನ ದಿನವೇ ಬಿಗಿ ಡಬ್ಬಿಯಲ್ಲಿ ಎತ್ತಿಡಿ. ಒಳಗೂ ಒಂದು ಪದರ ಚಾಕಲೇಟು ಬಳಿದರೆ ಕೋನು ಮೆತ್ತಗಾಗದು. ಐಸ್‌ಕ್ರೀಂ ತುಂಬುವುದು ಕೈಗೆ ಕೊಡುವಾಗ ಮಾತ್ರ.

ಬಣ್ಣದ ವಿಚಾರದಲ್ಲಿ ಎಚ್ಚರ ಬೇಕು. ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕಿದ ಮೇಲೆ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಸಂತೆಯಲ್ಲಿ ಬಿಡಿಯಾಗಿ ಸಿಗುವ, ಹೆಸರಿಲ್ಲದ ಗುಲಾಬಿ ಪುಡಿ ಮುಟ್ಟಬೇಡಿ. ಒಣಗಿಸಿ ಪುಡಿ ಮಾಡಿದ ಬೀಟ್‌ರೂಟ್ ಗುಲಾಬಿಗೆ, ಚಿಟಿಕೆ ಅರಿಸಿನ ಸೇವಂತಿಗೆ ಸಾಕು. ಶಂಖಪುಷ್ಪದ ನೀಲಿಗೆ ನಿಂಬೆ ತಗುಲಿದರೆ ನೇರಳೆಯಾಗುತ್ತದೆ; ಒಂದೇ ಹೂವಿನಲ್ಲಿ ಎರಡು ಬಣ್ಣ. ರಸ ಹಿಂಡಿ ಹಾಕಿದರೆ ಐಸಿಂಗ್ ನೀರಾಗುತ್ತದೆ, ಆದ್ದರಿಂದ ಪುಡಿಯೇ ಲೇಸು. ಆರ್ಡರ್ ಹಿಡಿದು ಮಾರುವ ಯೋಚನೆಯಿದ್ದರೆ, ಮನೆಯಲ್ಲೇ ಮಾಡಿದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು.

ಕಲಿಯಲು ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಕೈ ಪಳಗುವವರೆಗೆ ಸಕ್ಕರೆ ಹಾಳು ಮಾಡದೆ, ಬೇಯಿಸಿ ನುಣ್ಣಗೆ ನಾದಿದ ಆಲೂಗಡ್ಡೆ ತುಂಬಿ ಸ್ಟೀಲ್ ತಟ್ಟೆಯ ಮೇಲೆ ದಳ ಬಿಡಿಸಿ. ಹಾಗೇ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ಸಾಗವಾನಿ ಅಚ್ಚುಗಳಿದ್ದರೆ ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕಬೇಡಿ. ಅದರಲ್ಲಿ ಎರೆದ ಅಂಗೈಯಗಲದ ಗಿಳಿ ಕೋನಿನ ಅಂಚಿಗೆ ಭಾರವಾದೀತು, ಬೆರಳುದ್ದದ ಮೀನು ಚೆನ್ನಾಗಿಯೇ ಕೂರುತ್ತದೆ.